ಕೈ ಜೋಮು ಹಿಡಿದರೆ ಕೊಡವಿ ಸುಮ್ಮನಾಗಬೇಡಿ

ನಡುರಾತ್ರಿ ಎಚ್ಚರವಾಗುತ್ತದೆ. ಬಲಗೈ ಬೆರಳುಗಳು ಜೋಮು ಹಿಡಿದು, ಇರುವೆ ಹರಿದಂತೆ ಚುಮುಚುಮು ಎನ್ನುತ್ತಿರುತ್ತವೆ. ಮಂಚದ ಅಂಚಿಗೆ ಕೈ ಇಳಿಬಿಟ್ಟು ನಾಲ್ಕು ಬಾರಿ ಕೊಡವಿದರೆ ಹಗುರವಾಗುತ್ತದೆ. 'ಕೈ ಮೇಲೆಯೇ ಮಲಗಿಬಿಟ್ಟಿದ್ದೆನೇನೋ' ಎಂದುಕೊಂಡು ಮತ್ತೆ ನಿದ್ದೆಗೆ ಜಾರುತ್ತೀರಿ. ಯಾವಾಗಲೋ ಒಂದು ದಿನದ ಮಾತಾದರೆ ನಿಮ್ಮ ಊಹೆ ಸರಿಯೇ ಇರಬಹುದು. ಆದರೆ ವಾರಕ್ಕೆ ಮೂರು ನಾಲ್ಕು ರಾತ್ರಿ ಹೀಗೆಯೇ ಆಗತೊಡಗಿದರೆ, ಅಥವಾ ಹಗಲಿನಲ್ಲೂ ಬೆರಳ ತುದಿ ಮರಗಟ್ಟಿದಂತೆ ಇದ್ದರೆ, ಅದು ಕೊಡವಿ ಕಳೆಯುವಂಥದ್ದಲ್ಲ. ಕೈಯ ಯಾವುದೋ ಒಂದು ನರ ತೊಂದರೆಗೆ ಸಿಕ್ಕಿದೆ ಎಂದು ತಿಳಿಯಬೇಕು.

'ನರ' ಎಂಬ ಶಬ್ದದ ಬಗ್ಗೆಯೇ ಮೊದಲು ಒಂದು ಮಾತು. ನಮ್ಮ ಆಡುಮಾತಿನಲ್ಲಿ ರಕ್ತನಾಳವೂ ನರವೇ, ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವೂ ನರವೇ. ಗ್ಲೂಕೋಸ್ ಹಾಕುವಾಗ ದಾದಿ 'ನರ ಸಿಗುತ್ತಿಲ್ಲ' ಎನ್ನುತ್ತಾಳೆ. ಆಕೆ ಹುಡುಕುತ್ತಿರುವುದು ರಕ್ತನಾಳವನ್ನು. ಕುತ್ತಿಗೆ ಹಿಡಿದುಕೊಂಡರೆ 'ನರ ಎಳೆದಿದೆ' ಎನ್ನುತ್ತೇವೆ. ಅಲ್ಲಿ ನೋಯುತ್ತಿರುವುದು ಸಾಮಾನ್ಯವಾಗಿ ಮಾಂಸಖಂಡ. ಈ ಲೇಖನದಲ್ಲಿ ನರವೆಂದರೆ ಮಿದುಳು ಮತ್ತು ಬೆನ್ನುಹುರಿಯ ಆಜ್ಞೆಯನ್ನು ಕೈಗೆ ಒಯ್ಯುವ, ಕೈಯ ಸ್ಪರ್ಶ, ನೋವು, ಬಿಸಿ, ತಂಪುಗಳ ಸುದ್ದಿಯನ್ನು ಮಿದುಳಿಗೆ ತರುವ ತಂತಿ ಎಂದಷ್ಟೇ ಅರ್ಥ.

ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಯಿಂದ ಪ್ರತಿ ಕೈಗೂ 5 ಬೇರುಗಳು ಹೊರಡುತ್ತವೆ. ಇವು ಹೆಗಲು ಮತ್ತು ಕಂಕುಳ ನಡುವೆ ಜಡೆಯಂತೆ ಹೆಣೆದುಕೊಂಡು, ಬಿಡಿಸಿಕೊಂಡು, ಕೊನೆಗೆ ಹಸ್ತದವರೆಗೆ ಹೋಗುವ ಮೂರು ಮುಖ್ಯ ನರಗಳಾಗುತ್ತವೆ. ಮೀಡಿಯನ್ ನರ ಮುಂಗೈಯ ನಟ್ಟನಡುವೆ ಇಳಿದು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶಜ್ಞಾನ ಕೊಡುತ್ತದೆ. ಅಲ್ನಾರ್ ನರ ಮೊಣಕೈಯ ಒಳಗಂಟಿನ ಹಿಂದಿನಿಂದ ಹಾದು ಕಿರುಬೆರಳಿನತ್ತ ಹೋಗುತ್ತದೆ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳವರೆಗೆ ಕರೆಂಟು ಹೊಡೆದಂತಾಗುವುದು ಈ ನರಕ್ಕೆ ಬಿದ್ದ ಪೆಟ್ಟಿನಿಂದಲೇ. ರೇಡಿಯಲ್ ನರ ತೋಳಿನ ಮೂಳೆಯನ್ನು ಹಿಂದಿನಿಂದ ಸುತ್ತಿಕೊಂಡು ಬಂದು ಮಣಿಕಟ್ಟು ಮತ್ತು ಬೆರಳುಗಳನ್ನು ಮೇಲೆತ್ತಿಸುತ್ತದೆ.

ಮೂರೂ ಸರಿಯಿವೆಯೇ ಎಂದು ನೀವೇ ನೋಡಿಕೊಳ್ಳಬಹುದು. 'ಭೇಷ್' ಎನ್ನುವಂತೆ ಹೆಬ್ಬೆರಳನ್ನು ಎತ್ತಿ ತೋರಿಸಿ, ಅದು ರೇಡಿಯಲ್. ಹೆಬ್ಬೆರಳು ಮತ್ತು ತೋರುಬೆರಳ ತುದಿ ಸೇರಿಸಿ ಗುಂಡಗೆ ಉಂಗುರ ಮಾಡಿ, ಅದು ಮೀಡಿಯನ್. ತೋರುಬೆರಳ ಮೇಲೆ ನಡುಬೆರಳನ್ನು ಹೆಣೆಯಿರಿ, ಅದು ಅಲ್ನಾರ್. ಎರಡೂ ಕೈಗಳಲ್ಲಿ ಮಾಡಿ ಹೋಲಿಸಿ. ನಂತರ ಕಣ್ಣು ಮುಚ್ಚಿಕೊಂಡು ಮನೆಯವರಿಂದ ತೋರುಬೆರಳ ತುದಿ, ಕಿರುಬೆರಳ ತುದಿ, ಹೆಬ್ಬೆರಳು ತೋರುಬೆರಳುಗಳ ನಡುವಣ ಹಿಂಭಾಗವನ್ನು ಹತ್ತಿಯ ಎಳೆಯಿಂದ ಮುಟ್ಟಿಸಿಕೊಳ್ಳಿ. ಮೂರೂ ಕಡೆ ತಿಳಿಯಬೇಕು. ಎರಡು ನಿಮಿಷದ ಈ ಪರೀಕ್ಷೆ ತಜ್ಞರ ಪರೀಕ್ಷೆಗೆ ಬದಲಿಯಲ್ಲ. ಆದರೆ ವೈದ್ಯರ ಬಳಿ ಹೋಗಿ 'ಕೈ ಜೋಮು' ಎನ್ನುವುದಕ್ಕಿಂತ 'ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಮಾತ್ರ ಜೋಮು' ಎಂದು ಹೇಳಿದರೆ ರೋಗನಿದಾನದ ಅರ್ಧ ಕೆಲಸ ಮುಗಿದಂತೆ.

ರಾತ್ರಿಯ ಜೋಮು

ಮೊದಲು ಹೇಳಿದ ನಡುರಾತ್ರಿಯ ತೊಂದರೆ ಹೆಚ್ಚಾಗಿ ಮೀಡಿಯನ್ ನರದ್ದು. ಮಣಿಕಟ್ಟಿನಲ್ಲಿ, ಗಡಿಯಾರದ ಪಟ್ಟಿ ಕಟ್ಟುವ ಜಾಗದಿಂದ ತುಸು ಮುಂದೆ, ಮೂಳೆಗಳ ಕಮಾನು ಮತ್ತು ಅದರ ಮೇಲೆ ಬಿಗಿದ ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಅದರೊಳಗೆ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆಗೆ ಈ ನರವೂ ತೂರಿಕೊಂಡು ಹೋಗಬೇಕು. ಒಳಗೆ ಸ್ವಲ್ಪ ಊತ ಬಂದರೂ ಸಾಕು, ಒತ್ತಡ ತಡೆಯಲಾರದೆ ಮೊದಲು ನರಳುವುದು ನರ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು.

ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಕಾಣಿಸಿಕೊಂಡು, ಹೆರಿಗೆಯ ನಂತರ ಬಹುಪಾಲು ತಾನಾಗಿಯೇ ಹೋಗುತ್ತದೆ. ಥೈರಾಯ್ಡ್ ಸ್ರಾವ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯವರು, ಸಂಧಿವಾತದವರಿಗೆ ಬರುವ ಸಂಭವ ಹೆಚ್ಚು. ಮಣಿಕಟ್ಟಿಗೆ ಬಿಡುವಿಲ್ಲದೆ ಬಲ ಹಾಕುವ ಕೆಲಸಗಳೂ ಕಾರಣವಾಗುತ್ತವೆ. ಅಡಿಕೆ ಸುಲಿಯುವುದು, ಬಟ್ಟೆ ಹಿಂಡುವುದು, ಕಲ್ಲು ಕೊರೆಯುವ ಯಂತ್ರ ಹಿಡಿಯುವುದು ಇಂಥವು. ಕಂಪ್ಯೂಟರ್ ಮೇಲೆ ಎಲ್ಲ ದೂರನ್ನೂ ಹೊರಿಸುವ ರೂಢಿ ಇದೆ. ನನ್ನ ಅನುಭವದಲ್ಲಿ ಕೀಲಿಮಣೆಗಿಂತ ಒನಕೆ, ಒಳಕಲ್ಲು, ಬಟ್ಟೆ ಒಗೆಯುವ ಬಂಡೆ ಕೆಡಿಸಿದ ಕೈಗಳೇ ಹೆಚ್ಚು.

ಎರಡೂ ಮಣಿಕಟ್ಟುಗಳನ್ನು ಕೆಳಮುಖವಾಗಿ ಪೂರ್ತಿ ಬಾಗಿಸಿ, ಹಸ್ತಗಳ ಹಿಂಭಾಗವನ್ನು ಒಂದಕ್ಕೊಂದು ತಾಗಿಸಿ 60 ಸೆಕೆಂಡು ಹಿಡಿಯಿರಿ. ಅಷ್ಟರಲ್ಲಿ ಮೊದಲ ಮೂರು ಬೆರಳು ಜೋಮು ಹಿಡಿದರೆ ಸಂಶಯ ಬಲವಾಗುತ್ತದೆ. ಆರಂಭದಲ್ಲಿ ಚಿಕಿತ್ಸೆ ಬಹಳ ಸುಲಭ. ರಾತ್ರಿ ಮಲಗುವಾಗ ಮಣಿಕಟ್ಟು ಮಡಚಿಕೊಳ್ಳದಂತೆ ನೇರವಾಗಿ ಹಿಡಿಯುವ ಪಟ್ಟಿಯೊಂದನ್ನು ಕಟ್ಟಿಕೊಳ್ಳಬೇಕು. ನಾಲ್ಕರಿಂದ ಆರು ವಾರ ಬಿಡದೆ ಕಟ್ಟಿದರೆ ಎಷ್ಟೋ ಮಂದಿಗೆ ರಾತ್ರಿಯ ನಿದ್ದೆ ಮರಳುತ್ತದೆ. ಥೈರಾಯ್ಡ್, ಸಕ್ಕರೆ ಇದ್ದರೆ ಅದನ್ನೂ ಹತೋಟಿಗೆ ತರಬೇಕು. ಅದರಿಂದ ಗುಣ ಕಾಣದಿದ್ದರೆ ಸುರಂಗದೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಹೆಬ್ಬೆರಳ ಬುಡದ ಉಬ್ಬು ಬತ್ತತೊಡಗಿದ್ದರೆ, ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ಆಗದಿದ್ದರೆ, ಕಾಯುವುದು ತಪ್ಪು. ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆಯನ್ನು ಕೈಗಷ್ಟೇ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಬತ್ತಿದ ಮಾಂಸಖಂಡ ಪೂರ್ತಿ ತುಂಬಿಕೊಳ್ಳುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಅದಕ್ಕೇ ಅದು ಬತ್ತುವ ಮುನ್ನ ಬನ್ನಿ ಎನ್ನುವುದು.

ಸಕ್ಕರೆ ಕಾಯಿಲೆಯವರು ಇನ್ನೊಂದು ಸಂಗತಿ ಗಮನಿಸಬೇಕು. ಸಕ್ಕರೆಯಿಂದ ನರಗಳು ಕೆಡುವಾಗ ಜೋಮು ಸಾಧಾರಣವಾಗಿ ಪಾದಗಳಿಂದ ಆರಂಭವಾಗಿ ಮೇಲೇರುತ್ತದೆ. ಅದು ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳುಗಳಲ್ಲಿ ತೊಡಗುತ್ತದೆ. ಪಾದ ಚೆನ್ನಾಗಿದ್ದು ಕೈ ಮಾತ್ರ ಜೋಮು ಹಿಡಿದರೆ 'ಶುಗರ್ ಇದೆಯಲ್ಲ, ಅದಕ್ಕೇ' ಎಂದು ತಳ್ಳಿಹಾಕದೆ ಮಣಿಕಟ್ಟನ್ನು ಪರೀಕ್ಷಿಸಿಕೊಳ್ಳಿ.

ಮುದುಡುವ ಕಿರುಬೆರಳು

ಅಲ್ನಾರ್ ನರಕ್ಕೆ ಮೊಣಕೈಯಲ್ಲಿ ಚರ್ಮ ಮತ್ತು ಮೂಳೆಯ ಹೊರತು ಬೇರೆ ರಕ್ಷಣೆ ಇಲ್ಲ. ಮೊಣಕೈ ಮಡಚಿ ಕೆನ್ನೆಯಡಿ ಇಟ್ಟು ಮಲಗುವವರಿಗೆ, ಮೊಬೈಲ್ ಕಿವಿಗಿಟ್ಟು ಗಂಟೆಗಟ್ಟಲೆ ಮಾತನಾಡುವವರಿಗೆ, ಮೇಜಿಗೆ ಮೊಣಕೈ ಊರಿ ಕೂರುವವರಿಗೆ ಕಿರುಬೆರಳು ಜೋಮು ಹಿಡಿಯುತ್ತದೆ. ಅಭ್ಯಾಸ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಾಲ್ಯದಲ್ಲಿ ಮೊಣಕೈ ಮುರಿದು ಓರೆಯಾಗಿ ಕೂಡಿಕೊಂಡಿದ್ದರೆ ಹತ್ತಿಪ್ಪತ್ತು ವರ್ಷಗಳ ನಂತರ ನರ ನಿಧಾನವಾಗಿ ಸವೆಯುವುದೂ ಉಂಟು.

ಆದರೆ ಈ ನರ ಕೆಡಲು ನಮ್ಮ ದೇಶದಲ್ಲಿ ಮರೆಯಬಾರದ ಕಾರಣ ಇನ್ನೊಂದಿದೆ. ಅದರ ಹೆಸರೆತ್ತಿದರೆ ಇಂದಿಗೂ ಕುಟುಂಬಗಳು ಬೆಚ್ಚಿಬೀಳುತ್ತವೆ. ಅದು ಕುಷ್ಠರೋಗ. ದೇಶದ ಮಟ್ಟದಲ್ಲಿ 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿಯನ್ನು ಭಾರತ 2005ರ ಕೊನೆಗೆ ಮುಟ್ಟಿದ್ದು ನಿಜ. ಅದನ್ನು ಕೇಳಿ ರೋಗವೇ ಹೋಯಿತೆಂದು ಎಷ್ಟೋ ಮಂದಿ ತಿಳಿದರು. ಹೋಗಿಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಭಾರತದವರೇ.

ಈ ರೋಗಾಣು ಚರ್ಮದಲ್ಲಿ ಇರುತ್ತದೆಯಾದರೂ ನಿಜವಾಗಿ ಹಾಳುಗೆಡಹುವುದು ನರಗಳನ್ನು. ತಂಪಾದ ಜಾಗ ಅದಕ್ಕೆ ಇಷ್ಟ. ಚರ್ಮಕ್ಕೆ ಹತ್ತಿರವಿರುವ ಮೊಣಕೈಯ ನರ ಅದಕ್ಕೆ ಹೇಳಿ ಮಾಡಿಸಿದ ತಾಣ. ನರ ಊದಿಕೊಂಡು ಹುರಿಯಂತೆ ಕೈಗೆ ಸಿಗುತ್ತದೆ, ಮುಟ್ಟಿದರೆ ನೋಯುತ್ತದೆ. ನಂತರ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿ ಮೆಲ್ಲಗೆ ಒಳಕ್ಕೆ ಮುದುಡಿಕೊಳ್ಳುತ್ತವೆ. ಇದರ ಜೊತೆಗೆ ಅಥವಾ ಮೊದಲೇ ದೇಹದ ಎಲ್ಲಾದರೂ ಬಿಳಿಚಿದ ಇಲ್ಲವೇ ಕೆಂಪುಛಾಯೆಯ ಮಚ್ಚೆ ಇದ್ದೀತು. ಅದು ತುರಿಸುವುದಿಲ್ಲ, ಬೆವರುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ನೋವಿಲ್ಲದ ಕಾರಣಕ್ಕೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ಬಳಿ ಬಂದಿದ್ದ ದರ್ಜಿಯೊಬ್ಬರು ಎರಡು ವರ್ಷ ತೋಳಿನ ಮೇಲಿನ ಮಚ್ಚೆಯನ್ನು ಉದ್ದ ತೋಳಿನ ಅಂಗಿಯೊಳಗೆ ಬಚ್ಚಿಟ್ಟಿದ್ದರು. ಮಗಳ ಮದುವೆ ಮುಗಿಯಲಿ ಎಂಬುದು ಅವರ ಲೆಕ್ಕ. ಮದುವೆ ಮುಗಿಯಿತು, ಅಷ್ಟರಲ್ಲಿ ಕತ್ತರಿ ಹಿಡಿಯುವ ಕೈ ಅವರ ಮಾತು ಕೇಳದಂತಾಗಿತ್ತು. ಮಚ್ಚೆ ಕಂಡ ತಿಂಗಳಲ್ಲೇ ಬಂದಿದ್ದರೆ ಆ ಕೈ ಬಹುಶಃ ಉಳಿಯುತ್ತಿತ್ತು. ರೋಗದಿಂದಲ್ಲ, ನಾಚಿಕೆಯಿಂದ ಕೆಟ್ಟ ಕೈ ಅದು ಎಂದೇ ನನ್ನ ಅಭಿಪ್ರಾಯ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಕುಷ್ಠರೋಗದ ಚಿತ್ರವೇ ಬದಲಾಗಿದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಮದ್ದುಗಳನ್ನು ರೋಗದ ಬಗೆಗೆ ತಕ್ಕಂತೆ 6 ತಿಂಗಳು ಅಥವಾ 12 ತಿಂಗಳು ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವು ಉಚಿತ. ಮದ್ದು ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವ ಭಯ ಇಲ್ಲವೆನ್ನುವಷ್ಟಕ್ಕೆ ಇಳಿಯುತ್ತದೆ. ಮನೆಯಲ್ಲಿ ತಟ್ಟೆ, ಹಾಸಿಗೆ ಬೇರೆ ಮಾಡಬೇಕಾಗಿಲ್ಲ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಲಮುಗಳನ್ನು ಸಂಸತ್ತು 2019ರಲ್ಲಿ ಕಾನೂನಿನಿಂದಲೇ ತೆಗೆದುಹಾಕಿದೆ.

ಮದ್ದು ನಡೆಯುತ್ತಿರುವಾಗ ಅಥವಾ ಮುಗಿದ ಮೇಲೂ ಕೆಲವರಿಗೆ ಮಚ್ಚೆ ಕೆಂಪಾಗಿ ಊದಿಕೊಂಡು, ನರ ನೋಯತೊಡಗಿ, ಕೈಯ ಬಲ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಮದ್ದು ಒಗ್ಗಲಿಲ್ಲವೆಂದು ಅದನ್ನು ನಿಲ್ಲಿಸುವವರೇ ಹೆಚ್ಚು. ದಯವಿಟ್ಟು ನಿಲ್ಲಿಸಬೇಡಿ. ಇದು ದೇಹವು ರೋಗಾಣುವಿನ ವಿರುದ್ಧ ನಡೆಸುವ ಹೋರಾಟದಿಂದ ಬಂದ ಊತ. ಅಂದೇ ವೈದ್ಯರನ್ನು ಕಂಡರೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಹಲವು ವಾರ ಕೊಟ್ಟು ನರವನ್ನು ಉಳಿಸಲು ಪ್ರಯತ್ನಿಸಬಹುದು. ಬಲ ಕುಸಿದು 6 ತಿಂಗಳು ದಾಟಿದರೆ ಆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ.

ಈಗಾಗಲೇ ಮುದುಡಿದ ಬೆರಳುಗಳ ಗತಿ ಏನು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಡಾ. ಪಾಲ್ ಬ್ರ್ಯಾಂಡ್ ಪ್ರಮುಖರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂದು ವೈದ್ಯರೂ ನಂಬಿದ್ದ ಕಾಲ ಅದು. ಹಾಗಲ್ಲ, ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿದು ಸುಟ್ಟು, ಬೀಗದ ಕೈ ಒತ್ತಿ ಹರಿದು, ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದೆ, ಗಾಯದ ಮೇಲೆ ಗಾಯವಾಗಿ ಸವೆಯುತ್ತದೆ ಎಂದು ಅವರು ಮತ್ತು ಸಂಗಡಿಗರು ಕಂಡುಕೊಂಡರು. ಮುಂಗೈಯಲ್ಲಿ ಇನ್ನೂ ಚೆನ್ನಾಗಿರುವ ಮಾಂಸಖಂಡದ ಸ್ನಾಯುರಜ್ಜುವನ್ನು ಬಿಡಿಸಿ, ಸೋತ ಬೆರಳುಗಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ವೆಲ್ಲೂರಿನಲ್ಲಿ ಬೆಳೆಸಿದರು. ಇಂದು ಅಪಘಾತದಲ್ಲಿ ನರ ಕಳೆದುಕೊಂಡವರಿಗೂ ಇದೇ ತತ್ವದ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಗಾಯಕ್ಕೆ ಹೊಲಿಗೆ ಹಾಕಿಸುವ ಮುನ್ನ

ಕಿಟಕಿಯ ಗಾಜು, ಒಡೆದ ಬಳೆ, ಕುಡುಗೋಲು, ಮೆಟ್ಟುಗತ್ತಿ. ಮಣಿಕಟ್ಟಿನ ಒಳಬದಿಯಲ್ಲಿ ಅರ್ಧ ಅಂಗುಲದ ಗಾಯವಾದರೂ ನರ ತುಂಡಾಗಿರಬಹುದು. ರಕ್ತ ನಿಲ್ಲಿಸಿ, ಚರ್ಮ ಹೊಲಿದು, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಬರುತ್ತೀರಿ. ಹತ್ತು ದಿನದ ನಂತರ ಹೊಲಿಗೆ ಬಿಚ್ಚಿದಾಗ ಬೆರಳ ತುದಿ ಮುಟ್ಟಿದರೆ ತಿಳಿಯದು. ಆದ್ದರಿಂದ ಅರಿವಳಿಕೆ ಚುಚ್ಚುವ ಮೊದಲೇ ಬೆರಳ ತುದಿಗಳ ಸ್ಪರ್ಶ ನೋಡಿ ಎಂದು ವೈದ್ಯರನ್ನು ನೀವೇ ಕೇಳಿಕೊಳ್ಳಿ. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಚೂಪಾದ ಆಯುಧದಿಂದ ತುಂಡಾದ ನರವನ್ನು ಕೆಲವೇ ದಿನಗಳೊಳಗೆ ಸೂಕ್ಷ್ಮದರ್ಶಕದಡಿ, ತಲೆಗೂದಲಿಗಿಂತ ತೆಳುವಾದ ನೂಲಿನಿಂದ ಹೊಲಿದರೆ ಫಲ ಉತ್ತಮ. ತಡವಾದಷ್ಟೂ ತುದಿಗಳು ದೂರ ಸರಿದು, ಕಾಲಿನಿಂದ ನರದ ತುಂಡು ತಂದು ಸೇರಿಸಬೇಕಾಗುತ್ತದೆ.

ನರಕ್ಕಾಗುವ ಹಾನಿಯನ್ನು ಸೆಡನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು 1943ರಲ್ಲಿ ಮೂರು ದರ್ಜೆಯಾಗಿ ವಿಂಗಡಿಸಿದರು. ನರ ಬರೀ ಸ್ತಬ್ಧವಾಗಿದ್ದರೆ ದಿನಗಳಲ್ಲಿ ಅಥವಾ ವಾರಗಳಲ್ಲಿ ತಾನೇ ಚೇತರಿಸಿಕೊಳ್ಳುತ್ತದೆ. ಒಳಗಿನ ಎಳೆ ಹರಿದು ಹೊರಗಿನ ಕೊಳವೆ ಉಳಿದಿದ್ದರೆ ಎಳೆ ಮತ್ತೆ ಬೆಳೆಯುತ್ತದೆ. ಎರಡೂ ತುಂಡಾಗಿದ್ದರೆ ಹೊಲಿಯದೆ ಗತಿಯಿಲ್ಲ. ಎಳೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಲ್ಲಿ ತುಂಡಾದ ನರ 30 ಸೆಂಟಿಮೀಟರ್ ದೂರದ ಹಸ್ತ ತಲುಪಲು ಹತ್ತು ತಿಂಗಳು ಬೇಕು. ಇನ್ನೊಂದು ಕಡೆ, ಆಜ್ಞೆ ಸಿಗದ ಮಾಂಸಖಂಡ ಒಂದು, ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಆಮೇಲೆ ನರ ಬಂದರೂ ಅದು ಏಳದು. ಈ ಎರಡು ಲೆಕ್ಕಗಳನ್ನು ಕೂಡಿ ನೋಡಿದರೆ ವೈದ್ಯರು ಏಕೆ ಅವಸರ ಮಾಡುತ್ತಾರೆಂದು ತಿಳಿದೀತು. ಬೈಕಿನಿಂದ ಬಿದ್ದು ಕುತ್ತಿಗೆಯ ಬುಡದಲ್ಲೇ ನರಗಳ ಜಡೆ ಹರಿದ ಯುವಕರನ್ನು ಮೊದಲ ಕೆಲವು ವಾರಗಳಲ್ಲೇ ಪರಿಣತರಿಗೆ ತೋರಿಸಬೇಕು. ಶಸ್ತ್ರಚಿಕಿತ್ಸೆ ಬೇಕಾದರೆ ಮೂರರಿಂದ ಆರು ತಿಂಗಳೊಳಗೆ ನಡೆಯುವುದು ಮೇಲು. ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿ ನಂತರ ಕರೆತಂದರೆ ಆಯ್ಕೆಗಳು ಬಹಳ ಕಡಿಮೆಯಾಗಿರುತ್ತವೆ.

ಮುರಿದ ಮೂಳೆಗೆ ಕಟ್ಟು ಹಾಕಿಸುವವರಿಗೂ ಒಂದು ಮಾತು. ನಾಟಿ ಕಟ್ಟೇ ಇರಲಿ, ಆಸ್ಪತ್ರೆಯ ಪ್ಲಾಸ್ಟರ್ರೇ ಇರಲಿ, ಬಿಗಿಯಾದರೆ ಎರಡೂ ಒಂದೇ. ಮಗು ಗಂಟೆಗಂಟೆಗೆ ಹೆಚ್ಚು ಅಳುತ್ತಿದ್ದರೆ, ಬೆರಳು ಊದಿದ್ದರೆ, ನೀವು ಬೆರಳನ್ನು ಬಿಡಿಸಲು ಹೋದಾಗ ಚೀರಿದರೆ, ಮಧ್ಯರಾತ್ರಿಯಾದರೂ ಕಟ್ಟನ್ನು ಬಿಚ್ಚಿಸಿ. ರಕ್ತ ಸಿಗದೆ ಸುಮಾರು ಆರು ಗಂಟೆ ಕಳೆದರೆ ಒಳಗಿನ ಮಾಂಸಖಂಡ ಮತ್ತು ನರ ಸಾಯತೊಡಗುತ್ತವೆ. 'ಬೆಳಗಾಗಲಿ' ಎಂದು ಕಾದು ಜೀವನಪೂರ್ತಿ ಮುದುಡಿದ ಕೈ ಹೊತ್ತ ಮಕ್ಕಳನ್ನು ನಾನು ನೋಡಿದ್ದೇನೆ.

ಬೆಳಿಗ್ಗೆ ಎದ್ದಾಗ ಮಣಿಕಟ್ಟು ಜೋತುಬಿದ್ದು ಮೇಲೇಳದಿದ್ದರೆ ಮನೆಯವರು ಲಕ್ವವೆಂದು ಗಾಬರಿಯಾಗುತ್ತಾರೆ. ಕುಡಿದು ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿ ನಿದ್ದೆಹೋದವರಲ್ಲಿ ಇದು ರೇಡಿಯಲ್ ನರ ಒತ್ತಿಹೋದ ಫಲ. ಮಣಿಕಟ್ಟಿಗೆ ಆಧಾರ ಕಟ್ಟಿಕೊಂಡು, ಬೆರಳುಗಳ ವ್ಯಾಯಾಮ ಮಾಡಿಕೊಂಡಿದ್ದರೆ ಬಹುಪಾಲು ಮಂದಿಗೆ ಎರಡು ಮೂರು ತಿಂಗಳಲ್ಲಿ ವಾಸಿ. ಆದರೆ ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಅದೇ ಬದಿಯ ಕಾಲೂ ಸೋತಿದ್ದರೆ ಅದು ಮಿದುಳಿನದು. ಆಗ ಒಂದು ನಿಮಿಷವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ.

ಹದಿನೈದರಿಂದ ಇಪ್ಪತ್ತೈದು ವಯಸ್ಸಿನ ಹುಡುಗರಲ್ಲಿ ಒಂದೇ ಕೈ ನೋವಿಲ್ಲದೆ ಸೊರಗುವ ಇನ್ನೊಂದು ತೊಂದರೆ ಇದೆ. ಜಪಾನಿನ ಹಿರಯಾಮ 1959ರಲ್ಲಿ ವರ್ಣಿಸಿದ್ದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ 1984ರಲ್ಲಿ ಇಂಥ ರೋಗಿಗಳ ಬಗ್ಗೆ ವರದಿ ಮಾಡಿದ್ದಾರೆ. ಚಳಿಯಲ್ಲಿ ಬೆರಳು ಇನ್ನಷ್ಟು ಬಲಹೀನವಾಗುವುದು ಇದರ ಗುರುತು. ಮೂಲ ಇರುವುದು ಕೈಯಲ್ಲಲ್ಲ, ಕುತ್ತಿಗೆಯ ಬೆನ್ನುಹುರಿಯಲ್ಲಿ. ಕೆಲವು ವರ್ಷ ಬೆಳೆದು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಕುತ್ತಿಗೆ ಬಾಗಿಸದಂತೆ ಪಟ್ಟಿ ಕಟ್ಟಿಸಿ ಅದನ್ನು ಬೇಗ ತಡೆಯಲು ನೋಡುತ್ತಾರೆ.

ಇನ್ನು ಮದ್ದಿನ ವಿಷಯ. 'ನರಕ್ಕೆ ಶಕ್ತಿ ಬರುವ' ಕೆಂಪು ಚುಚ್ಚುಮದ್ದು ಕೇಳಿಕೊಂಡು ಬರುವವರಿಗೆ ಲೆಕ್ಕವಿಲ್ಲ. ಬಿ12 ಜೀವಸತ್ವದ ಕೊರತೆ ಇದ್ದವರಿಗೆ ಅದು ಅಮೃತ. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆ ಬಹುಕಾಲ ನುಂಗಿದವರಲ್ಲಿ ಈ ಕೊರತೆ ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿ ತೆಗೆದುಕೊಳ್ಳಿ. ಒತ್ತಡದಲ್ಲಿ ಸಿಕ್ಕ ನರವನ್ನಾಗಲಿ, ತುಂಡಾದ ನರವನ್ನಾಗಲಿ ಅದು ಸರಿಪಡಿಸದು. ಬಿ6 ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರಗಳನ್ನು ಕೆಡಿಸುತ್ತದೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ನರದ ಉರಿ, ಸೆಳೆತವನ್ನು ಶಮನ ಮಾಡುತ್ತವೆ, ನರವನ್ನು ಬೆಳೆಸುವುದಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ, ಇದ್ದಕ್ಕಿದ್ದಂತೆ ನಿಲ್ಲಿಸದೆ, ತೆಗೆದುಕೊಳ್ಳಬೇಕು.

ನರ ಬೆಳೆಯುವ ತಿಂಗಳುಗಳಲ್ಲಿ ಮನೆಯವರ ಕೆಲಸ ಬಹಳವಿದೆ. ಬೆರಳ ಕೀಲುಗಳು ಗಡುಸಾಗದಂತೆ ದಿನಕ್ಕೆ ಮೂರು ನಾಲ್ಕು ಬಾರಿ ಇನ್ನೊಂದು ಕೈಯಿಂದ ಪೂರ್ತಿ ಮಡಚಿ ಬಿಡಿಸಬೇಕು. ಗಾಯದ ಜಾಗದಿಂದ ಮುಂದಕ್ಕೆ ನರದ ದಾರಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಒಂದೆಡೆ ಚುರುಕ್ಕೆನ್ನುತ್ತದೆ. ಎಳೆಯ ತುದಿ ಅಲ್ಲಿಯವರೆಗೆ ಬಂದಿದೆ ಎಂದರ್ಥ. ಫ್ರಾನ್ಸಿನ ಟಿನೆಲ್ 1915ರಲ್ಲಿ ತಿಳಿಸಿದ ಪರೀಕ್ಷೆ ಇದು. ತಿಂಗಳಿಗೊಮ್ಮೆ ಆ ಜಾಗವನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಮೂರು ತಿಂಗಳಾದರೂ ಅದು ಮುಂದೆ ಸರಿಯದಿದ್ದರೆ ಮತ್ತೆ ತೋರಿಸಬೇಕು.

ಸ್ಪರ್ಶವಿಲ್ಲದ ಕೈಗೆ ಕಣ್ಣೇ ಕಾವಲು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಂದ ಹಿಡಿಯಿರಿ, ಸ್ನಾನದ ನೀರನ್ನು ಚೆನ್ನಾಗಿರುವ ಕೈಯಿಂದ ಮುಟ್ಟಿ ನೋಡಿ, ಸೌಟು ಮತ್ತು ಕುಡುಗೋಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಬೆವರಿಲ್ಲದ ಚರ್ಮ ಒಣಗಿ ಬಿರಿಯುವುದರಿಂದ ರಾತ್ರಿ ಕಾಲು ಗಂಟೆ ಕೈಯನ್ನು ತಣ್ಣೀರಿನಲ್ಲಿ ನೆನೆಸಿ, ಒರೆಸುವ ಮುನ್ನವೇ ಕೊಬ್ಬರಿ ಎಣ್ಣೆ ಹಚ್ಚಿ, ದೀಪದ ಬೆಳಕಿನಲ್ಲಿ ಒಂದೊಂದು ಬೆರಳನ್ನೂ ತಿರುಗಿಸಿ ಗಾಯವಿದೆಯೇ ನೋಡಿ ಮಲಗಿ.